ಬೇಡ ಅಂದರೆ ಬೇಡ

ನಮ್ಮ ಮಂಡ್ಯದ ಕಡೆ ಬೀಗರ ಊಟದಲ್ಲಿ ‘ಬೇಡ’ ಎನ್ನುವ ಮಾತಿಗೆ ಬೆಲೆಯಿಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಬಿಡುತ್ತಾರೆ. ಒಂದೇ ಮಾತಿಗೆ ಸುಮ್ಮನಾದರೆ ‘ಸರಿಯಾಗಿ ಇಕ್ಕಲಿಲ್ಲ’ ಎಂದು ಬೀಗರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಬಲವಂತ ಮಾಡಿ ಬಡಿಸುವುದರಲ್ಲಿ ನಾನೂ ಹೆಸರು ಮಾಡಿದವನೇ.

ನನ್ನ ತಂಗಿ ಬೇಡ ಅಂದರೆ ಮಾತ್ರ ಬೇಡ ಅಂತಲೇ ಅರ್ಥ. ಅನ್ನಕ್ಕೆ ಸಾರು ತಾಗಿದರೆ ಉಣ್ಣುವುದಿಲ್ಲ, ಎರಡೂ ಬೇರೆ ಬೇರೆ ಇರಬೇಕು. ಗದ್ದಲ ಹೆಚ್ಚಾದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಮುಖ ನೋಡಿ ಮಾತಾಡುವುದು ಅವಳಿಂದಾಗದು, ಸುಳ್ಳಾಡುವುದಂತೂ ಗೊತ್ತೇ ಇಲ್ಲ. ಚಿಕ್ಕಂದಿನಲ್ಲಿ ಹಟಮಾರಿ ಅಂದೆವು, ಆಮೇಲೆ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದೆವು. ಅವಳಿಗೆ ನಲವತ್ತು ದಾಟಿದ ಮೇಲೆ ಮಂಡ್ಯದ ಡಾಕ್ಟರೊಬ್ಬರು, ಇದಕ್ಕೆ ಆಟಿಸಂ ಅಂತಾರೆ, ಕಾಯಿಲೆಯಲ್ಲ, ಅವರಿಗೆ ಲೋಕ ಕಾಣುವ ಬಗೆಯೇ ಬೇರೆ ಎಂದರು. ನಾನು ತಲೆಯಾಡಿಸಿ ಬಂದೆ. ಹೆಂಡತಿ, ಮಗಳನ್ನು ಬಿಟ್ಟು ಇನ್ಯಾರಿಗೂ ಹೇಳಲಿಲ್ಲ.

ಅದಕ್ಕೂ ಮುಂಚೆ ಮಳವಳ್ಳಿಯಲ್ಲಿ ನೆಂಟರ ಮನೆಯ ಬೀಗರ ಊಟಕ್ಕೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಮೂರು ಸಲ ಬೇಡ ಅಂದವಳ ಅನ್ನದ ಮೇಲೆ ನಮ್ಮ ದೊಡ್ಡಪ್ಪ ಪ್ರೀತಿಯಿಂದಲೇ ಸೌಟು ತುಂಬ ಸಾರು ಸುರಿದರು. ಅವಳು ಕಿರುಚಿ ಎಲೆಯನ್ನೇ ಎತ್ತಿ ಎಸೆದಳು. ದೊಡ್ಡಪ್ಪನ ಬಿಳಿ ಪಂಚೆಯೆಲ್ಲ ಸಾರು. ದೊಡ್ಡಪ್ಪ ಬೈಯಲಿಲ್ಲ, ಬೈದದ್ದು ನಾನು. ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಆಮೇಲೆ ಯಾವ ಶುಭಕಾರ್ಯಕ್ಕೂ ಕರೆದೊಯ್ಯಲಿಲ್ಲ. ನಾವೆಲ್ಲ ಉಂಡು, ಅವಳಿಗೆ ಟಿಫನ್ ಕ್ಯಾರಿಯರಿನಲ್ಲಿ ತರುತ್ತಿದ್ದೆವು.

ಹೋದ ವರ್ಷ ಮಗಳ ಮದುವೆಯಾಯಿತು. ಗಂಡಿನವರು ಬೆಸಗರಹಳ್ಳಿಯವರು. ಅವರು ಮದ್ದೂರಿನ ಛತ್ರದಲ್ಲಿ ಬೀಗರ ಊಟ ಇಟ್ಟುಕೊಂಡಿದ್ದರು.

“ಅತ್ತೆ ಬರ್ನಿಲ್ಲ ಅಂದ್ರೆ ನಾನೂ ಎಲೆ ಮುಂದೆ ಕೂರಕಿಲ್ಲ ಕಣಪ್ಪ” ಅಂದುಬಿಟ್ಟಳು ಮಗಳು. ಅತ್ತೆ ಅಂದರೆ ನನ್ನ ತಂಗಿ.

ಹಟದಲ್ಲಿ ನನ್ನ ಮಗಳೇ ಅಲ್ಲವೇ, ಒಪ್ಪಿದೆ. ಆದರೆ ಹೊಸ ಸಂಬಂಧ. ಇಲ್ಲೂ ಎಲೆ ಹಾರಿದರೆ ಮಗಳು ಆ ಮನೆಯಲ್ಲಿ ಜೀವಮಾನವೆಲ್ಲ ಮಾತು ಕೇಳಬೇಕಾಗುತ್ತಿತ್ತು.

ತಂಗಿಯನ್ನು ಗದ್ದಲ ಕಡಿಮೆಯಿದ್ದ ಮೂಲೆಯಲ್ಲಿ ಕೂರಿಸಿ ಪಕ್ಕದಲ್ಲೇ ಕೂತೆ. ಬೀಗಿತ್ತಿ, ಅಂದರೆ ಅಳಿಯನ ತಾಯಿ, ತಾವೇ ಮಟನ್ ಸಾರಿನ ಬಕೆಟ್ ಹಿಡಿದು ಬಂದರು.

“ಬೇಡ” ಅಂದಳು ತಂಗಿ.

“ಅದೆಂತಾ ಬ್ಯಾಡ ಕಣವ್ವ, ಉಣ್ಣು” ಎಂದು ಅವರು ಸೌಟು ಎತ್ತಿದರು.

ಅವಳ ಕೈ ಎಲೆಯ ಅಂಚಿಗೆ ಹೋಯಿತು. ಹೊಟ್ಟೆ ಸರಿಯಿಲ್ಲ ಎಂಬ ಸುಳ್ಳು ನನ್ನ ನಾಲಿಗೆಯ ತುದಿಯಲ್ಲಿತ್ತು. ಅದೇನಾಯಿತೋ, ಸೌಟನ್ನೇ ಗಪ್ಪನೆ ಹಿಡಿದುಕೊಂಡೆ.

“ನಮ್ ತಂಗಿಗೆ ಆಟಿಸಂ ಅದೆ. ಅನ್ನುಕ್ಕೆ ಸಾರು ತಾಕುದ್ರೆ ಆಗಕಿಲ್ಲ. ಅವ್ಳು ಬ್ಯಾಡ ಅಂದ್ರೆ ಬ್ಯಾಡಾನೆಯ!”

ಬೇಕಿದ್ದಕ್ಕಿಂತ ಜೋರಾಗಿಯೇ ಕೂಗಿದ್ದೆ. ಸಾಲಿಗೆ ಸಾಲೇ ತಿರುಗಿ ನೋಡಿತು.

ಬೀಗಿತ್ತಿ ನನ್ನನ್ನೂ ತಂಗಿಯನ್ನೂ ನೋಡಿದರು. “ಅದ್ನ ಮೊದ್ಲೇ ಯೋಳಕ್ಕೇನಾಗಿತ್ತು ಬೀಗ್ರೆ? ಮೊದ್ಲು ಸೌಟು ಬುಡಿ” ಅಂದರು. ಆಮೇಲೆ ಬಡಿಸುವವರ ಕಡೆ ತಿರುಗಿ, “ಲೇ, ಒಂದು ಬಟ್ಲು ತಕಬನ್ನಿ. ಈವಮ್ಮನ ಕೇಳ್ದೆ ಯಾರೂ ಏನೂ ಇಕ್ಬ್ಯಾಡಿ” ಎಂದು ಕೂಗಿದರು.

ತಂಗಿ ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡೇ ಉಂಡಳು. ನಡುವೆ ತಲೆಯೆತ್ತದೆ “ಇನ್ನೊಂದು ಮುದ್ದೆ ಇಕ್ಕಿ” ಅಂದಳು. ಬೀಗರ ಊಟದಲ್ಲಿ ಬಾಯಿಬಿಟ್ಟು ಕೇಳಿದವರನ್ನು ನಾನು ಕಂಡಿರಲಿಲ್ಲ. ಬೀಗಿತ್ತಿಗೆ ಖುಷಿಯೋ ಖುಷಿ.

“ಇಂಗೆ ಕೇಳಿ ಉಣ್ಣೋರ್ಗೆ ಇಕ್ಕಕೆ ಎಷ್ಟು ಸುಲುಬ ನೋಡಿ” ಅಂದರು.

ಕೈ ತೊಳೆಯುವಾಗಲೂ ಅವರು ಬಂದು, “ಬರೋ ಭಾನುವಾರ ನಿಮ್ಮಣ್ಣನ್ ಜೊತೆ ನಮ್ಮನೆಗೂ ಬತ್ತೀಯೇನವ್ವ?” ಎಂದು ಅವಳನ್ನು ಕೇಳಿದರು.

ಅವಳ ಪರವಾಗಿ ನಾನೇ ಹೇಳಿ ರೂಢಿ. “ಅವ್ಳು ಎಲ್ಗೂ ಬರಕಿಲ್ಲ, ಜನ ಕಂಡ್ರೆ ಆಗಕಿಲ್ಲ” ಅಂದೆ.

“ಬತ್ತೀನಿ” ಅಂದಳು ತಂಗಿ, ನಲ್ಲಿಯನ್ನೇ ನೋಡುತ್ತ. “ಜನ ಇದ್ರೆ ಆಯ್ತದೆ. ಗಲಾಟೆ ಇದ್ರೆ ಆಗಕಿಲ್ಲ. ಅಣ್ಣ ನನ್ನ ಕೇಳ್ನೇ ಇಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಾಚಿಕೆಯಾಯಿತು, ಕಣ್ಣು ತುಂಬಿಬಂತು.

“ಭಾನುವಾರ ಬತ್ತೀಯವ್ವ?” ಎಂದು ನಾನೂ ಕೇಳಿದೆ.

“ಆಗ್ಲೇ ಯೋಳುದ್ನಲ್ಲ” ಅಂದಳು.