ಮಿಂಚಿನ ಪುಡಿ

ನಮ್ಮ ಬಚ್ಚಲಿನ ತಾಮ್ರದ ಹಂಡೆಯ ಅಂಚಿನಲ್ಲಿ ಸದಾ ಒಂದು ಹನಿ ತೂಗುತ್ತಿರುತ್ತದೆ. ನೀವೂ ನನ್ನ ಹಾಗೆ ಕುಳಿತಲ್ಲಿ ಕುಳಿತಿರಲಾರದ ಜಾತಿಯವರಾದರೆ, ಅದು ಈಗ ಬಿದ್ದೀತು, ಇನ್ನೇನು ಬಿದ್ದೀತು ಎಂದು ಕಾಯುತ್ತ ಮೀಯುವುದನ್ನೇ ಮರೆತು, ನೀರು ಆರಿಸಿಕೊಂಡು, ಹೊರಗಿನಿಂದ ಬೈಗುಳವನ್ನೂ ತಿಂದಿರುತ್ತೀರಿ. ಇಷ್ಟು ಕಾದರೂ ಅದು ಬೀಳುವ ಗಳಿಗೆ ಮಾತ್ರ ಕಣ್ಣಿಗೆ ದಕ್ಕುವುದಿಲ್ಲ. ಬೀಳುವ ಹನಿ ಗುಂಡಗಿರುತ್ತದೆಂದು ಶಿರಸಿಯ ಶಾಲೆಯಲ್ಲಿ ಮಕ್ಕಳಿಗೆ ನಾನು ವರ್ಷಗಟ್ಟಲೆ ಹೇಳಿಕೊಟ್ಟಿದ್ದೆ, ಸ್ವತಃ ಕಂಡು ಬಂದವನ ಹಾಗೆ. ನಾಲ್ಕು ವರ್ಷದ ಕೆಳಗೆ, ಅಂಗಡಿ ಮುಚ್ಚುತ್ತಿದ್ದ ಹುಬ್ಬಳ್ಳಿಯ ಛಾಯಾಚಿತ್ರಗಾರನೊಬ್ಬನ ಹಳೆಯ ಕ್ಯಾಮೆರಾ ನನ್ನ ಪಾಲಿಗೆ ಬಂದಾಗ, ಬೀಳುವ ಹನಿಯ ಪಟ ತೆಗೆದು ಈ ಸುಳ್ಳನ್ನು ನಿಜ ಮಾಡಿಯೇ ತೀರುತ್ತೇನೆಂಬ ಹುಚ್ಚು ಹಿಡಿಯಿತು.

ಕ್ಯಾಮೆರಾದ ಜೊತೆಗೆ ಒಂದು ಡಬ್ಬಿ ಮೆಗ್ನೀಷಿಯಂ ಪುಡಿಯೂ ಬಂದಿತ್ತು. ಕಿಡಿ ತಾಗಿಸಿದರೆ ಭಗ್ಗನೆ ಉರಿದು, ಕೋಣೆಯನ್ನೆಲ್ಲ ಬೆಳಗಿ, ಬಿಳಿಯ ಹೊಗೆಯಾಗಿ ಹೋಗುವ ಆ ಪುಡಿಗೆ ನಮ್ಮ ಕೇರಿಯವರೆಲ್ಲ ಮಿಂಚಿನ ಪುಡಿ ಎಂದು ಹೆಸರಿಟ್ಟಿದ್ದರು. ನಾನು ಮೋಸಹೋದದ್ದು ಈ ಹೆಸರಿನಿಂದಲೇ. ಹೆಸರೇ ಮಿಂಚು ಎಂದಮೇಲೆ ಒಂದು ಹನಿ ಅದನ್ನು ಮೀರಿ ಓಡೀತೇ ಎಂದುಕೊಂಡೆ.

ಚಿತ್ರ ಮೂಡುವ ಗಾಜಿನ ಹಲಗೆಗಳನ್ನು ತಂದುಕೊಡುತ್ತಿದ್ದವರು ಯಲ್ಲಾಪುರದ ಇಮಾಮಸಾಹೇಬರು. ಹುಬ್ಬಳ್ಳಿಗೂ ಶಿರಸಿಗೂ ಮೋಟಾರು ಓಡಿಸುತ್ತಿದ್ದರು. ಆ ವೈಶಾಖದ ಕೊನೆಗೆ ಅವರು ಪೊಟ್ಟಣ ಕೈಗಿಟ್ಟು, “ಮೂರ ಗಾಜು ಸಿಕ್ಕಾವ ನೋಡ್ರಿ ಮಾಸ್ತರ. ಮಳಿ ಹಿಡೀತಂದ್ರ ಮತ್ತ ತರೂದು ಆಗಂಗಿಲ್ಲ” ಎಂದರು. ನನಗೆ ಕೇಳಿಸಿದ್ದು ಮೂರು ಸಿಕ್ಕವು ಎಂಬುದಷ್ಟೇ.

ನನ್ನ ಹೆಂಡತಿ ಗೋದಾವರಿ ಆಗ ತುಂಬಿದ ಬಸುರಿ. ಮರುದಿನ ಬೆಳಿಗ್ಗೆ ಹೆರಿಗೆಗೆಂದು ಸಿದ್ದಾಪುರದ ಕಡೆಯ ತನ್ನ ಚಿಕ್ಕಮ್ಮನ ಮನೆಗೆ ಹೊರಡಬೇಕಿದ್ದವಳು, ಸೀರೆ ಮಡಿಸುತ್ತ, ನನ್ನ ಮುಖ ನೋಡದೆಯೇ ತನ್ನ ತಾಯಿಯ ಮಾತೆತ್ತಿದಳು: “ಆಯಿ ಆನು ಹುಟ್ಟಿದ ವಾರದಲ್ಲೇ ಹೋತು. ಅದರ ಮುಖ ಹ್ಯಾಂಗಿತ್ತು ಹೇಳಿ ಎಂಗೆ ಗೊತ್ತಿಲ್ಲೆ. ಎನ್ನದೊಂದು ಪಟ ತೆಗೆದಿಡಿ.”

ಆಯಿತು, ಅದಕ್ಕೇನಂತೆ, ಎಂದೆ. ಮೂರು ಗಾಜಿದ್ದವಲ್ಲ, ಎರಡು ಹನಿಗೆ, ಒಂದು ಅವಳಿಗೆ ಎಂದು ಮನಸ್ಸಿನಲ್ಲೇ ಪಾಲು ಮಾಡಿದೆ.

ಮಧ್ಯಾಹ್ನ ಉಗ್ರಾಣದ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿಕೊಂಡೆ. ದೇವರ ಅಭಿಷೇಕಕ್ಕೆ ತೂಗುಹಾಕುವ ಧಾರಾಪಾತ್ರೆಯನ್ನು ತೊಲೆಗೆ ಕಟ್ಟಿದೆ. ಅದರ ತಳದ ತೂತಿಗೆ ದರ್ಭೆಯ ಕಡ್ಡಿ ಸಿಕ್ಕಿಸಿದರೆ ನೀರು ಧಾರೆಯಾಗದೆ ತೊಟ್ಟಿಕ್ಕುತ್ತದೆ. ಆ ದರ್ಭೆಯ ಹದ ಬಲ್ಲವಳು ಗೋದಾವರಿಯೇ, ಹಾಗಾಗಿ ಬೆನ್ನಿಗೆ ಒಂದು ಕೈ ಕೊಟ್ಟುಕೊಂಡು, ಕತ್ತಲೆಯಲ್ಲೂ ಹನಿಯ ಹೊತ್ತು ತಿಳಿಯಲೆಂದು ಕಡ್ಡಿಗೆ ಬೆರಳು ತಾಗಿಸಿ ಅವಳೇ ನಿಂತಳು. ನಾನು ಕ್ಯಾಮೆರಾದ ಕಣ್ಣು ತೆರೆದು, ಉರಿಯುವ ಊದುಬತ್ತಿ ಹಿಡಿದು ಕಾದೆ. ಅವಳು “ಈಗ” ಎಂದೊಡನೆ ಪುಡಿಗೆ ಮುಟ್ಟಿಸಿದೆ. ಮೊದಲ ಸಲ ಹನಿ ಆಗಲೇ ಬಿದ್ದಾಗಿತ್ತು. ಎರಡನೆಯ ಸಲ ನನ್ನ ಕೈ ಅವಸರ ಮಾಡಿತು. ಇನ್ನೊಂದು ಹೆಜ್ಜೆ, ಅಷ್ಟೇ, ಎನ್ನಿಸಿತು. ಹಾಗೆ ಅನ್ನಿಸುವಾಗ ಮನುಷ್ಯನಿಗೆ ಕಿವಿ ಕೇಳುವುದಿಲ್ಲ ಎಂದು ಈಗ ತಿಳಿದಿದ್ದೇನೆ.

ಕತ್ತಲೆಯಲ್ಲಿ ಅವಳು ಮೆಲ್ಲಗೆ ಕೇಳಿದಳು. “ಇದು ಕಡೇ ಗಾಜು ಅಲ್ದಾ?”

“ಹ್ಞೂಂ. ಅಲುಗಡ” ಎಂದು ಅವಳನ್ನು ಕದಲದಂತೆ ನಿಲ್ಲಿಸಿದೆ.

ಅವಳು ದರ್ಭೆಯ ಕಡ್ಡಿಯನ್ನು ಮತ್ತೊಮ್ಮೆ ಸರಿಪಡಿಸಿದಳು. ಆಮೇಲೆ, ಯಾವ ಸಿಟ್ಟೂ ಇಲ್ಲದ ದನಿಯಲ್ಲಿ, ಸರಿಯಾದ ಗಳಿಗೆಗೇ “ಈಗ” ಎಂದಳು.

ಗಾಜನ್ನು ಚಿತ್ರ ಮೂಡಿಸುವ ಮದ್ದಿನ ನೀರಿನಲ್ಲಿ ತೊಳೆದಾಗ ಅದರಲ್ಲಿ ಗುಂಡಗಿನದೇನೂ ಇರಲಿಲ್ಲ. ಮೇಲಿಂದ ಕೆಳಗೆ ಒಂದು ಗೀರಿತ್ತು, ಎಳೆದ ನೂಲಿನ ಹಾಗೆ. ಮಿಂಚೆಂದು ನಾನು ನಂಬಿದ ಪುಡಿ ನಿಧಾನವಾಗಿ ಉರಿದಿತ್ತು. ಅದು ಉರಿದು ಮುಗಿಯುವಷ್ಟರಲ್ಲಿ ಹನಿ ತನ್ನ ದಾರಿಯನ್ನೆಲ್ಲ ನಡೆದುಬಿಟ್ಟಿತ್ತು. ಪುಡಿ ಮಿಂಚಲಿಲ್ಲ, ಕಾಲ ಮಿಂಚಿತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಚಪ್ಪಲಿಯನ್ನೂ ಮೆಟ್ಟದೆ ಮೋಟಾರು ನಿಲ್ಲುವಲ್ಲಿಗೆ ಓಡಿದೆ. ಇಮಾಮಸಾಹೇಬರು ಖಾಲಿ ಕೈ ತೋರಿಸಿದರು.

ಬೆಳಿಗ್ಗೆ ಅವಳು ಹೋದಳು. ಆಮೇಲಿನ ಐದು ವಾರ ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ತರಗತಿಯಲ್ಲಿ ಕುರ್ಚಿಯ ಮೇಲೆ ಕೂತವನಲ್ಲ, ಮನೆಯಲ್ಲಿ ಚಾಪೆಯ ಮೇಲೆ ಮಲಗಿದವನಲ್ಲ. ಕಣ್ಣು ಮುಚ್ಚಿ ಅವಳ ಮುಖ ನೆನೆಯಹೋದರೆ ಮೂಗುತಿ ಬರುತ್ತಿತ್ತು, ಹುಬ್ಬು ಬರುತ್ತಿರಲಿಲ್ಲ. ಟಪಾಲಿನವನನ್ನು ಕಂಡರೆ ಅಂಗಳಕ್ಕೆ ಓಡುತ್ತಿದ್ದೆ. ಕೊನೆಗೊಂದು ಕಾರ್ಡು ಬಂತು: ಹೆಣ್ಣು ಮಗು, ತಾಯಿ ಮಗು ಸೌಖ್ಯ. ನಾನು ಅಂಗಳದಲ್ಲಿ ನಿಂತು ಅತ್ತೆ.

ಮಳೆಗಾಲ ಕಳೆದು ಅವಳು ಮರಳುವಷ್ಟರಲ್ಲಿ ಒಂದು ಡಜನ್ ಗಾಜು ತರಿಸಿಟ್ಟಿದ್ದೆ. ಅಂಗಳದಲ್ಲಿ ಕುರ್ಚಿ ಹಾಕಿ, ಹಿಂದೆ ಬಿಳಿ ಪಂಚೆ ಕಟ್ಟಿ, ಒಳ್ಳೆಯ ಸೀರೆ ಉಟ್ಟು ಬಾ ಎಂದು ಕರೆದೆ. ಅವಳು ಮಗುವನ್ನೆತ್ತಿಕೊಂಡು ಬಂದು ಕುರ್ಚಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಎನ್ನದು ಈಗ ಎಂತಕ್ಕೆ? ಇದು ದಿನಾ ಎನ್ನ ಮುಖವನ್ನೇ ನೋಡ್ತು. ಇದರದ್ದು ತೆಗೀರಿ, ಆನು ಹಿಂದಿಂದ ಹಿಡ್ಕತ್ತೆ.”

ಅವಳು ಸಿಟ್ಟು ಮಾಡಿದ್ದರೆ ಕಾಲು ಹಿಡಿಯುತ್ತಿದ್ದೆ. ಆದರೆ ಅವಳು ನಗುತ್ತಿದ್ದಳು. ಪಂಚೆಯ ಹಿಂದೆ ಹೋಗಿ, ಅದರ ಸೀಳಿನಿಂದ ಕೈ ಚಾಚಿ, ಕುರ್ಚಿಯಲ್ಲಿ ಮಗುವನ್ನು ನೆಟ್ಟಗೆ ಕೂರಿಸಿದಳು. ಪಟ ಚೆನ್ನಾಗಿ ಬಂದಿದೆ. ಮಗಳ ಕಣ್ಣು, ಬಾಯಿ, ಬೊಚ್ಚು ನಗು ಎಲ್ಲ ಸ್ಪಷ್ಟವಾಗಿವೆ, ಅವಳ ಪಕ್ಕೆಗಳನ್ನು ಹಿಡಿದ ಎರಡು ಕೈಗಳೂ ಇವೆ. ಮುಖವನ್ನು ಗೋದಾವರಿ ನನಗೆ ಕೊಡಲಿಲ್ಲ.