ಗೆಳೆಯನ ಮುಖ ಅಚ್ಚಾದ ತಿಂಗಳು

ಮುಂಬೈಯ ಪರೇಲಿನ ಹಳೆಯ ಮಿಲ್ಲೊಂದರ ಕಾಂಪೌಂಡಿನಲ್ಲಿರುವ ಫೋಟೊ ಸ್ಟುಡಿಯೊದಲ್ಲಿ ನಾನು ಹದಿನಾಲ್ಕು ವರ್ಷದಿಂದ ಟೇಲರ್. ಅಲ್ಲಿ ಹೊಲಿಗೆ ಕಡಿಮೆ. ಗಂಡಸರ ಮ್ಯಾಗಜೀನುಗಳಿಗೆ ಫೋಟೊ ತೆಗೆಯುವಾಗ ಮಾಡೆಲ್‌ಗಳ ಮೈಗೆ ಬಟ್ಟೆ ಕೂರಿಸುವುದೇ ನನ್ನ ಮುಖ್ಯ ಕೆಲಸ. ಅಂಗಡಿಯಿಂದ ಬಂದ ಶರ್ಟು ಯಾರ ಮೈಗೂ ಸರಿಯಾಗಿ ಕೂರುವುದಿಲ್ಲ. ಬೆನ್ನ ಹಿಂದೆ ಬಟ್ಟೆ ಮುದುರಿ ನಾಲ್ಕೈದು ಕ್ಲಿಪ್ ಹಾಕಿದರೆ ಮುಂದಿನಿಂದ ಎದೆ ಅಗಲವಾಗಿ, ಸೊಂಟ ಸಣ್ಣಗೆ ಕಾಣುತ್ತದೆ. ಹಣೆಯ ಮೇಲಿನ ಬೆವರು ಕೂಡ ಬಾಟಲಿಯಿಂದ ಸಿಂಪಡಿಸಿದ್ದು. ಇದೆಲ್ಲ ನನ್ನ ಕಣ್ಣೆದುರಿಗೆ, ಎಷ್ಟೋ ಸಲ ನನ್ನ ಕೈಯಿಂದಲೇ ಆಗುತ್ತಿತ್ತು. ಆದರೂ ಸಂಚಿಕೆ ಅಚ್ಚಾಗಿ ಬಂದ ದಿನ ಅದನ್ನು ಸಾಯನ್‌ನ ನಮ್ಮ ಖೋಲಿಗೆ ಒಯ್ದು, ಕನ್ನಡಿಯ ಮುಂದೆ ನಿಂತು, ಆ ಪುಟದಲ್ಲಿದ್ದವನ ಹಾಗೆಯೇ ತೋಳು ಮಡಚಿಕೊಳ್ಳುತ್ತಿದ್ದೆ.

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಚಿತ್ರಗಳೇ ಸಾಕಾಗಿದ್ದವು. ಪ್ಯಾಂಟು ಎಷ್ಟು ಗಿಡ್ಡವಿರಬೇಕು, ಬೂಟಿನೊಳಗೆ ಕಾಲುಚೀಲ ಕಾಣಬಾರದು, ಗಂಡಸು ಕ್ಯಾಮೆರಾ ನೋಡಿ ನಗಬಾರದು, ಇವನ್ನೆಲ್ಲ ನಾನು ಕಲಿತದ್ದು ಆ ಪುಟಗಳಿಂದ. ಒಂದು ವರ್ಷ ಅಲ್ಲಿ ಯಾರಿಗೂ ಮೀಸೆ ಇರಲಿಲ್ಲ. ನಾನೂ ತೆಗೆಸಿದೆ. ಆ ಮುಖ ಹೊತ್ತುಕೊಂಡು ವಿಜಯಪುರದ ಕಡೆಯ ನಮ್ಮೂರಿಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. "ಯಾರ ಸತ್ತಾರಂತ ಮೀಸಿ ಬೋಳಿಸಿಗೊಂಡ ಬಂದಿ? ನಾ ಇನ್ನಾ ಜೀವಂತ ಅದೀನಿ," ಅಂದರು. ನಾನು ಅಪ್ಪನನ್ನು ಹಳೇ ಕಾಲದವರು ಎಂದುಕೊಂಡೆ. ಮೂವತ್ತು ದಾಟಿದಾಗ ತಲೆ ಬೆಳ್ಳಗಾಗತೊಡಗಿತು. ಪುಟಗಳಲ್ಲಿ ಬೆಳ್ಳನೆಯ ಕೂದಲು ಇರಲಿಲ್ಲವಾದ್ದರಿಂದ ಹದಿನೈದು ದಿನಕ್ಕೊಮ್ಮೆ ಬಣ್ಣ ಹಚ್ಚಲು ಶುರುಮಾಡಿದೆ.

ನಾನು ಮುಂಬೈಗೆ ಬಂದ ವರ್ಷವೇ ಬಂದ ಗೆಳೆಯನೊಬ್ಬನಿದ್ದಾನೆ. ನಮ್ಮ ತಾಲ್ಲೂಕಿನವನೇ, ಮುಸಲ್ಮಾನ. ನನಗಿಂತ ಎರಡು ವರ್ಷ ದೊಡ್ಡವನು. ನಾನು ಅವನಿಗೆ ಅಣ್ಣಾ ಅನ್ನುತ್ತೇನೆ, ಅವನು ನನಗೆ ತಮ್ಮಾ ಅನ್ನುತ್ತಾನೆ. ಮದುವೆಗೆ ಮುಂಚೆ ಒಂದೇ ಖೋಲಿಯಲ್ಲಿ ಇದ್ದೆವು. ಅವನು ಧಾರಾವಿಯಲ್ಲಿ ಚರ್ಮದ ಬೆಲ್ಟು ಹೊಲಿಯುತ್ತಾನೆ. ಸ್ಟುಡಿಯೊಗೆ ಬೆಲ್ಟು ಬೇಕಾದಾಗ ನನ್ನ ಮೂಲಕವೇ ತರುತ್ತಿದ್ದ. ಅವನು ಕನ್ನಡಿ ನೋಡಿಕೊಂಡದ್ದನ್ನು ನಾನು ಕಂಡಿಲ್ಲ. ಗಡ್ಡ ಬಿಟ್ಟಿದ್ದ. ಅದು ತನ್ನಷ್ಟಕ್ಕೆ ಅರ್ಧ ಬೆಳ್ಳಗಾಗಿತ್ತು.

ಅವತ್ತು ಅವನು ಬೆಲ್ಟು ತಂದಾಗ ಶೂಟಿಂಗ್ ನಡೆದಿತ್ತು. ಗೋಡೆಗೆ ಒರಗಿ ನೆಲದ ಮೇಲೆ ಕೂತು, ಮೂಗಿನ ಮೇಲೆ ಕನ್ನಡಕ ಇಳಿಬಿಟ್ಟು, ಒಂದು ಬೆಲ್ಟಿನ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡುತ್ತಿದ್ದ. ಫೋಟೊಗ್ರಾಫರ್ ತನ್ನ ಕೆಲಸ ನಿಲ್ಲಿಸಿ ಅವನನ್ನೇ ನೋಡಿದ. ಬಟ್ಟೆ ಆರಿಸುವ ಹುಡುಗಿಯನ್ನು ಕರೆದು ಏನೋ ಹೇಳಿದ. ಅವಳು ನನ್ನ ಹತ್ತಿರ ಬಂದು, "ಮಾಸ್ಟರ್‌ಜೀ, ಅಂಕಲ್ ಕೋ ಯೇ ಜಾಕೆಟ್ ಪಹನಾವೋ," ಎಂದಳು.

ನಾನೇ ತೊಡಿಸಿದೆ. ಕ್ಲಿಪ್ಪಿನ ಡಬ್ಬಿ ಹಿಡಿದು ಬೆನ್ನ ಹಿಂದೆ ನಿಂತೆ. ಒಂದೂ ಬೇಕಾಗಲಿಲ್ಲ. ಹದಿನಾಲ್ಕು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಜಾಕೆಟ್ಟು ಅವನ ಅಳತೆಗೇ ಹೊಲಿದಂತೆ ಕೂತಿತ್ತು. ಅವನಂತೂ ಕಕ್ಕಾಬಿಕ್ಕಿಯಾಗಿ, "ತಮ್ಮಾ, ಇದೇನ ನಡಸ್ಯಾರ ಇವರು?" ಎಂದು ಕೇಳುತ್ತಿದ್ದ. "ಸುಮ್ನ ನಿಂದ್ರು, ನಗಬ್ಯಾಡ," ಎಂದೆ. ನಾನು ಎಷ್ಟೋ ವರ್ಷ ಅಭ್ಯಾಸ ಮಾಡಿದ್ದ ಆ ನೋಟ ಅವನಿಗೆ ಗಾಬರಿಯಿಂದಲೇ ಬಂತು.

ಮುಂದಿನ ತಿಂಗಳು ಇಡೀ ಒಂದು ಪುಟದಲ್ಲಿ ಅವನ ಮುಖ ಅಚ್ಚಾಯಿತು. ಬಿಳಿ ಗಡ್ಡದ ಒಂದೊಂದು ಎಳೆಯನ್ನೂ ಎಣಿಸಬಹುದಿತ್ತು. ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಅಯ್ಯ, ಅಣ್ಣಾರು ಎಷ್ಟ ಚೆಂದ ಕಾಣಾಕತ್ತಾರ ನೋಡ್ರಿ! ಗಡ್ಡ ಬೆಳ್ಳಗಾದ್ರ ಗಂಡಸರಿಗೆ ಒಂದ ಕಳೆ ಬರತೈತಿ."

ಅವಳು ಯಾವ ಕೆಟ್ಟ ಯೋಚನೆಯಿಂದಲೂ ಹೇಳಿದ್ದಲ್ಲ. ಆದರೆ ನನಗೆ ಬಾತ್‌ರೂಮಿನ ಗೂಡಿನಲ್ಲಿದ್ದ ನನ್ನ ಬಣ್ಣದ ಡಬ್ಬಿ ನೆನಪಾಯಿತು. ಅಷ್ಟು ವರ್ಷ ಆ ಪುಸ್ತಕಗಳು ಹೇಳಿದ ಹಾಗೆ ಕೇಳಿದವನು ನಾನು. ಅವು ತಿರುಗಿ ನೋಡಿದ್ದು, ಅವನ್ನು ಒಮ್ಮೆಯೂ ತೆರೆದಿರದ ಇವನನ್ನು. ನಮ್ಮ ವಠಾರದಂಥ ಚಾಳಿನಲ್ಲಿ ಪಕ್ಕದ ಖೋಲಿಯ ಮರಾಠಿ ಮುದುಕರು, "ತುಮ್ಹಿ ತಿಥೇಚ್ ಕಾಮ್ ಕರತಾ ನಾ? ತುಮಚಾ ಫೋಟೊ ಕಧೀ?" ಎಂದು ಕೇಳಿದರು. ಅಲ್ಲೇ ಕೆಲಸ ಮಾಡುವ ನನ್ನ ಫೋಟೊ ಯಾವಾಗ ಎಂಬ ಆ ಪ್ರಶ್ನೆಗೆ ನಕ್ಕು ಒಳಗೆ ಹೋದೆ.

ಗೆಳೆಯನ ತಾಯಿ ಊರಿನಲ್ಲಿ ಯಾರದೋ ಫೋನಿನಲ್ಲಿ ಆ ಚಿತ್ರ ನೋಡಿ, "ಯಾಕಪಾ ಇಷ್ಟ ಸೊರಗಿ? ಸರಿಯಾಗಿ ಉಣ್ಣಂಗಿಲ್ಲೇನು?" ಎಂದು ಅತ್ತಳಂತೆ. ಅವನೇ ನಗುತ್ತಾ ಹೇಳಿದ. ನಾನು ಅವನಿಗಿಂತ ಜೋರಾಗಿ ನಕ್ಕೆ. ಅವನಿಗೆ ಅದು ವಿಚಿತ್ರ ಅನಿಸಿರಬೇಕು, ನಗು ನಿಲ್ಲಿಸಿ ನನ್ನ ಮುಖ ನೋಡಿದ.

ಆಮೇಲೆ ನಾನು ಬಣ್ಣ ಹಚ್ಚುವುದನ್ನು ಬಿಟ್ಟೆ, ಗಡ್ಡವನ್ನು ಬೆಳೆಯಲು ಬಿಟ್ಟೆ. ಮೂರು ವಾರಕ್ಕೆ ಕೂದಲಿನ ಬುಡ ಬಿಳಿ, ತುದಿ ಕೆಂಪು. ಗಡ್ಡ ಅಲ್ಲೊಂದು ಇಲ್ಲೊಂದು. ಬಟ್ಟೆ ಆರಿಸುವ ಹುಡುಗಿ ನಿಜವಾದ ಕಳಕಳಿಯಿಂದ, "ಮಾಸ್ಟರ್‌ಜೀ, ತಬಿಯತ್ ಠೀಕ್ ಹೈ ನಾ?" ಎಂದು ನನ್ನ ಆರೋಗ್ಯ ವಿಚಾರಿಸಿದಳು. ಅವತ್ತೇ ಸಂಜೆ ಸಲೂನಿಗೆ ಹೋಗಿ ಗಡ್ಡ ತೆಗೆಸಿ, ಮತ್ತೆ ಕರಿ ಬಣ್ಣ ಹಚ್ಚಿಸಿಕೊಂಡೆ.

ಸ್ವಲ್ಪ ದಿನಕ್ಕೆ ಅದೇ ಹುಡುಗಿ ಬಂದು, ಗಡಿಯಾರದ ಕಂಪನಿಯೊಂದರ ಶೂಟ್ ಇದೆ, ಗುರುವಾರ ನಿಮ್ಮ ಗೆಳೆಯನನ್ನು ಕರೆತನ್ನಿ ಎಂದಳು. ನಾನು ಇಸ್ತ್ರಿ ಮಾಡುತ್ತಿದ್ದೆ. ತಲೆ ಎತ್ತದೆ, "ವೋ ತೋ ಗಾಂವ್ ಗಯಾ ಹೈ. ಮಾ ಬೀಮಾರ್ ಹೈ," ಎಂದುಬಿಟ್ಟೆ. ಊರಿಗೆ ಹೋಗಿದ್ದಾನೆ, ತಾಯಿಗೆ ಹುಷಾರಿಲ್ಲ. ಮೊದಲೇ ಯೋಚಿಸಿಟ್ಟಿದ್ದಂತೆ ಸಲೀಸಾಗಿ ಬಂತು ಸುಳ್ಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಮೈ ಚಲೇಗಾ ಕ್ಯಾ?" ಎಂದು, ಅವನ ಬದಲು ನಾನಾದರೆ ಆದೀತೇ ಎಂದೂ ಕೇಳಿದೆ.

ಅವಳು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ನನ್ನ ಕಪ್ಪು ಕೂದಲು, ನುಣ್ಣನೆಯ ಗಲ್ಲ, ಮಡಚಿದ ತೋಳು ಎಲ್ಲವನ್ನೂ ನೋಡಿ ಮೆಲ್ಲಗೆ ಹೇಳಿದಳು: "ಆಪ್ ತೋ ಬಹುತ್ ನೀಟ್ ಹೈ, ಮಾಸ್ಟರ್‌ಜೀ. ಹಮ್ ಕೋ ಥೋಡಾ ರಫ್ ಚಾಹಿಯೇ." ನಾನು ತೀರಾ ನೀಟು, ಅವರಿಗೆ ಬೇಕಾದದ್ದು ಸ್ವಲ್ಪ ಒರಟು.

ಗುರುವಾರ ಯಾರೋ ಟ್ಯಾಕ್ಸಿ ಡ್ರೈವರನನ್ನು ಕರೆತಂದರು. ಅವನಿಗೆ ಬಟ್ಟೆ ಕೂರಿಸಿದೆ.

ಹತ್ತು ದಿನದ ಮೇಲೆ ಗೆಳೆಯ ಬೆಲ್ಟು ತಂದ. ಅವನು ಬರುತ್ತಾನೆಂಬುದನ್ನು ನಾನು ಮರೆತೇಬಿಟ್ಟಿದ್ದೆ. ಹುಡುಗಿ ಅವನನ್ನು ಕಂಡದ್ದೇ ಎದ್ದು ಬಂದಳು. "ಅಂಕಲ್, ಗಾಂವ್ ಸೇ ಕಬ್ ಆಯೇ? ಅಮ್ಮೀ ಕೈಸೀ ಹೈ ಅಬ್?"

ಅವನು ಅವಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಇಸ್ತ್ರಿಪೆಟ್ಟಿಗೆಯ ವೈರನ್ನು ಬಿಡಿಸುತ್ತಾ ಬಗ್ಗಿದೆ.

"ಕಲ್ ಆಯಾ, ಬೇಟಾ," ಎಂದ. "ಅಬ್ ಅಚ್ಛೀ ಹೈ." ತಾನು ನಿನ್ನೆಯಷ್ಟೇ ಊರಿನಿಂದ ಬಂದಂತೆ, ತಾಯಿ ಈಗ ಹುಷಾರಾದಂತೆ.

"ಆಪ್ ಕಾ ಶೂಟ್ ಮಿಸ್ ಹೋ ಗಯಾ."

"ಕೋಯೀ ಬಾತ್ ನಹೀಂ."

ಬೆಲ್ಟುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು ಹೊರಟುಹೋದ. ಯಾವಾಗಲೂ ಹೋಗುವಾಗ "ಬರತೀನಿ ತಮ್ಮಾ" ಅನ್ನುತ್ತಿದ್ದ. ಅವತ್ತು ಅನ್ನಲಿಲ್ಲ. ಅಲ್ಲೇ ಎಲ್ಲರೆದುರಿಗೆ ಬೈದಿದ್ದರೆ ಅವನ ಮೇಲೆ ಸಿಟ್ಟು ಮಾಡಿಕೊಂಡು ಬದುಕಬಹುದಿತ್ತು. ಅವನು ನನ್ನ ಸುಳ್ಳನ್ನು ತನ್ನದು ಮಾಡಿಕೊಂಡು ಹೋದ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ ಆಯಿತು ಎಂದರೆ ನಂಬುತ್ತೀರೋ ಇಲ್ಲವೋ.

ಎರಡು ಭಾನುವಾರ ಅವನು ನನ್ನ ಫೋನು ಎತ್ತಲಿಲ್ಲ. ಮೂರನೆಯ ಭಾನುವಾರ ಮಾಟುಂಗದ ಉಡುಪಿ ಹೋಟೆಲಿಗೆ ಬಂದ. ಇಬ್ಬರ ಮುಂದೆಯೂ ಇಡ್ಲಿ ತಣ್ಣಗಾಗುತ್ತಿತ್ತು.

"ಅಣ್ಣಾ, ಹೊಟ್ಟಿಕಿಚ್ಚ," ಎಂದೆ. "ಬ್ಯಾರೆ ಏನೂ ಇಲ್ಲ. ಹೊಟ್ಟಿಕಿಚ್ಚಿಗೆ ಹಂಗ ಮಾಡಿದೆ."

"ಯಾತರ ಹೊಟ್ಟಿಕಿಚ್ಚ? ಈ ಬಿಳೇ ಗಡ್ಡದ್ದಾ?"

"ಹೂಂ."

ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ. "ನನ್ನ ವಿಷಯ ಬಿಡು. ನಮ್ಮ ಅಮ್ಮಿನ್ನ ಯಾಕ ಹಾಸಿಗಿಗೆ ಹಾಕಿದಿ? ಆಕಿ ಕೈಯಾಗ ನೀ ಎಷ್ಟ ಸಲ ಉಂಡಿ, ನೆನಪಿಲ್ಲೇನು?"

ನಾನು ತಣ್ಣಗಾದ ಇಡ್ಲಿಯನ್ನು ಮುರಿಯತೊಡಗಿದೆ.

"ಇನ್ನೊಂದು ಹೇಳತೀನಿ ಕೇಳು," ಎಂದ. ದನಿ ಸಣ್ಣಗಾಗಿತ್ತು. "ನಾ ಆ ಪುಸ್ತಕ ದಿನಾ ತಗದ ನೋಡತೀನಿ. ಮಗಳು ಶಾಲಿಗೆ ಹೋದ ಮ್ಯಾಲ. ಮತ್ತೊಮ್ಮಿ ಕರೀತಾರೇನೋ ಅಂತ ಕಾಯ್ತಿದ್ದೆ. ಹುಚ್ಚ ಅನ್ನತಾರಂತ ಯಾರ ಮುಂದೂ ಹೇಳಿದ್ದಿಲ್ಲ."

ಅವನಿಗೆ ಇದೆಲ್ಲ ಬೇಡವಾಗಿತ್ತು ಎಂದು ನಾನು ನನಗೇ ಹೇಳಿಕೊಂಡಿದ್ದೆ. ಸುಳ್ಳು ಹೇಳಿದಾಗಲೂ ಅದೇ ಸಮಾಧಾನ ಹಿಡಿದುಕೊಂಡಿದ್ದೆ. ಅದೂ ಹೋಯಿತು.

ಮರುದಿನ ಆ ಹುಡುಗಿಗೆ ನಿಜ ಹೇಳಿದೆ. ಅವಳು, "ಕ್ಯೂಂ, ಮಾಸ್ಟರ್‌ಜೀ?" ಎಂದು ಕಾರಣ ಕೇಳಿ ಸ್ವಲ್ಪ ಕಾದಳು. ಆಮೇಲೆ ಅವನ ನಂಬರು ಬರೆದುಕೊಂಡು ಹೋದಳು. ಅಂದಿನಿಂದ ಬೆಲ್ಟು ತರಲು ಅವನು ತನ್ನ ಭಾವಮೈದುನನನ್ನು ಕಳಿಸುತ್ತಿದ್ದಾನೆ. ಈದ್‌ಗೆ ಅವನ ಮನೆಯಿಂದ ಸುರಕುರ್ಮಾದ ಶಾವಿಗೆ ಪಾಯಸ ನಮ್ಮ ಮನೆಗೆ ಬಂತು. ಲೋಕಲ್‌ನಲ್ಲಿ ಸಿಕ್ಕರೆ ಪಕ್ಕದಲ್ಲಿ ನಿಂತು ಮಾತಾಡುತ್ತಾನೆ. ಆದರೆ ಮೊದಲಿನ ಹಾಗೆ ಹೆಗಲ ಮೇಲೆ ಕೈ ಹಾಕುವುದಿಲ್ಲ.

ಕಳೆದ ಚಳಿಗಾಲದಲ್ಲಿ ಅವನಿಗೆ ಮತ್ತೆ ಕರೆ ಬಂತು. ಉಣ್ಣೆಯ ಕೋಟು. ಸ್ಟುಡಿಯೊದವರು ನೇರವಾಗಿ ಅವನಿಗೇ ಫೋನ್ ಮಾಡಿದ್ದರು. ನನಗೆ ತಿಳಿದದ್ದು ಅವನು ಬಾಗಿಲಲ್ಲಿ ನಿಂತಾಗಲೇ. ನಾನೇ ಕೋಟು ತೊಡಿಸಿದೆ. "ಭುಜದ ಹತ್ರ ಜಗ್ಗತೈತಿ ನೋಡು," ಎಂದ. ಹೊಲಿಗೆ ಬಿಚ್ಚಿ, ಅರ್ಧ ಬೆರಳಿನಷ್ಟು ಸಡಿಲ ಮಾಡಿ, ಕೈಯಿಂದಲೇ ಮತ್ತೆ ಹೊಲಿದೆ. ಹೊಟ್ಟೆಕಿಚ್ಚು ಆಗಲೂ ಇತ್ತು. ಅದರ ಜತೆಗೇ ಕೂತು ಹೊಲಿದೆ.

ಅವನು ಕನ್ನಡಿಯ ಮುಂದೆ ನಿಂತ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಆಮೇಲೆ ಕನ್ನಡಿಯೊಳಗಿಂದಲೇ ನನ್ನನ್ನು ಕೇಳಿದ, "ಹೆಂಗ ಕಾಣತೀನಿ ತಮ್ಮಾ?"

"ಛಲೋ ಕಾಣತಿ," ಎಂದೆ. ಹೇಳಲು ಸ್ವಲ್ಪ ಹೊತ್ತು ಹಿಡಿಯಿತು.