ಒಂದೇ ನಂಬರಿನ ಮೂರು ಎದೆ

ಕುಪ್ಪುಸ್ವಾಮಿ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದವನು. ಗಣಿ ಮುಚ್ಚಿದ ಮೇಲೂ ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನ್ ಮನೆಯಲ್ಲೇ ಉಳಿದ. ಎದೆಯೊಳಗೆ ಕೂತ ಕಲ್ಲುಧೂಳೂ ಉಳಿಯಿತು.

ಈಗ ಬಂಗಾರಪೇಟೆಯ ಡಾಕ್ಟರಿಗೆ ಹೊಸ ಎಕ್ಸ್‌ರೇಯಲ್ಲಿ ಅವನ ಎದೆಯ ಎಡಗಡೆ ಒಂದು ಗಂಟು ಕಂಡಿತ್ತು.

"ಹಳೇ ಎಕ್ಸ್‌ರೇ ತಗೊಂಡ್ ಬನ್ನಿ. ಗಂಟು ಆಗ್ಲೂ ಇದ್ರೆ ಅದು ಧೂಳಿನ ಗುರುತು, ಬಿಟ್ಬಿಡೋಣ. ಇಲ್ದಿದ್ರೆ ಕ್ಯಾನ್ಸರಾ ಅಂತ ನೋಡೋಕೆ ಸೂಜಿ ಹಾಕಿ ಚೂರು ತೆಗೀಬೇಕು. ನಿಮ್ಮ ಎದೆ ಅದನ್ನ ತಡೆಯುತ್ತೆ ಅಂತ ನಾನು ಹೇಳಲಾರೆ."

ಹಳೆಯದನ್ನು ತೆಗೆದದ್ದು ಒಂದು ಧರ್ಮಸಂಸ್ಥೆಯ ಕ್ಯಾಂಪಿನಲ್ಲಿ. ಚಿತ್ರಗಳು ಆಂಡರ್ಸನ್‌ಪೇಟೆಯ ಅವರ ಆಫೀಸಿನ ಕಂಪ್ಯೂಟರಿನಲ್ಲಿದ್ದವು. ಹೆಂಡತಿ ಕನಕಮ್ಮನನ್ನು ಕರೆದುಕೊಂಡು ಆಟೊದಲ್ಲಿ ಹೋದ. ಆಪರೇಟರ್ ನರೇಶನ ಕೈಗೆ ಕ್ಯಾಂಪಿನ ಚೀಟಿ ಕೊಟ್ಟ. ಅದರಲ್ಲಿ 112 ಎಂದಷ್ಟೇ ಇತ್ತು. ಗಣಿಯಲ್ಲಿ ಒಂದು ನಂಬರೆಂದರೆ ಒಬ್ಬನೇ ಆಳು. ಹಾಗಾಗಿ ಧೈರ್ಯವಾಗಿದ್ದ.

"ಮುಂಚೆ ಚಾಂಪಿಯನ್ ಕ್ಯಾಂಪ್‌ಗೊಂದು ಪಟ್ಟಿ, ಕೋರಮಂಡಲ್‌ಗೊಂದು, ಇಲ್ಲಿಗೊಂದು ಇತ್ತು ತಾತ," ಎಂದ ನರೇಶ್. "ಒಂದೊಂದೇ ತೆಗ್ದು ನೋಡೋಷ್ಟ್ರಲ್ಲಿ ಜನ ಬಯ್ಯೋರು. ಎಲ್ಲಾ ಸೇರ್ಸಿ ಒಂದೇ ಮಾಡ್ಬುಟ್ಟೆ. ಈಗ ಒಂದೇ ಏಟ್ಗೆ ಬತ್ತದೆ, ನೋಡು."

ಒಂದೇ ಏಟಿಗೆ ಬಂತು. ಆದರೆ ಬಂದದ್ದು ಮೂರು ಎದೆ.

"ಮೂರು ಎದೆ ಇದ್ದಿದ್ರೆ ಇಷ್ಟ್ ಯಾಕಪ್ಪ ಕೆಮ್ತಿದ್ದೆ ನಾನು?"

ನರೇಶ್ ನಗಲಿಲ್ಲ. ಪ್ರತಿ ಕ್ಯಾಂಪಿನಲ್ಲೂ ನಂಬರು ಒಂದರಿಂದಲೇ ಶುರುವಾಗಿತ್ತು. ಹೆಸರು ಹಾಕಿರಲಿಲ್ಲ. ಸೇರಿಸುವಾಗ ಯಾವ ಕ್ಯಾಂಪಿನದು ಎಂದು ಪಕ್ಕದಲ್ಲಿ ಒಂದು ಕಾಲಂ ಇಟ್ಟಿದ್ದರೆ ಸಾಕಿತ್ತು. ಅವನು ಇಟ್ಟಿರಲಿಲ್ಲ.

"ಅಳೇ ಪಟ್ಟಿ?"

"ಜಾಗ ತಿಂತದೆ ಅಂತ ಅಳಿಸ್ಬುಟ್ಟೆ ತಾತ."

"ಬಂಡೆ ಬಿದ್ದು ನನ್ ಪಕ್ಕೆಲುಬು ಮುರಿದಿತ್ತು. ಅದ್ನ ನೋಡು."

ಮುರಿದು ಕೂಡಿದ ಮೂಳೆ ಎರಡು ಚಿತ್ರಗಳಲ್ಲಿತ್ತು. ಒಂದರಲ್ಲಿ ಗಂಟಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ಎರಡನ್ನೂ ತೆಗೆಸಿಕೊಂಡು ಬಂಗಾರಪೇಟೆಯ ಬಸ್ಸು ಹತ್ತಿದರು. ಕನಕಮ್ಮ ಕಿವಿಯ ಹತ್ತಿರ ಬಂದಳು. "ಗಂಟು ಇರೋದೇ ನಿಂದು ಅಂತ ಅನ್ನು. ಸೂಜಿ ತಪ್ತದೆ."

"ಇಲ್ದಿರೋದು ನಂದಾಗಿದ್ರೆ?"

ಅವಳು ಕಿಟಕಿಯ ಕಡೆ ತಿರುಗಿದಳು.

ಡಾಕ್ಟರು ಎರಡನ್ನೂ ಹೊಸದರ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. "ತುಂಬಾ ಮಸುಕು. ನನಗೆ ಗೊತ್ತಾಗ್ತಿಲ್ಲ. ನಿಮ್ಮದು ಯಾವುದು, ನೀವೇ ಹೇಳ್ತೀರಾ?"

ಕನಕಮ್ಮ ಮೊಣಕೈಯಿಂದ ತಿವಿದಳು. ಕುಪ್ಪುಸ್ವಾಮಿಯ ಬೆರಳು ಗಂಟಿದ್ದ ಚಿತ್ರದವರೆಗೂ ಹೋಯಿತು. ಅದೇ ಧೂಳು ಕುಡಿದ ಇನ್ಯಾರದೋ ಎದೆ ಇರಬಹುದು. ತನ್ನದೇ ಇರಬಹುದು. ಬೆರಳು ಮಡಚಿಕೊಂಡ.

"ಗೊತ್ತಿಲ್ಲ ಸಾರ್."

ಡಾಕ್ಟರು ಸೂಜಿಗೆ ದಿನ ಬರೆದುಕೊಟ್ಟರು.

ಹೊರಗೆ ಕನಕಮ್ಮ ಸಿಡುಕಿದಳು. "ಒಂದ್ ಮಾತು ಅನ್ನಕ್ಕೆ ಆಗ್ಲಿಲ್ವಾ ನಿಂಗೆ?"

"ಗೊತ್ತಿದ್ರೆ ಏಳ್ತಿರ್ಲಿಲ್ವಾ?"

ಡಾಕ್ಟರು ಪರೀಕ್ಷೆಗೆಂದು ಬಿಚ್ಚಿಸಿದ್ದ ಅವನ ಷರ್ಟಿನ ಗುಂಡಿಗಳನ್ನು ಅಲ್ಲೇ ನಿಂತು ಒಂದೊಂದಾಗಿ ಹಾಕಿದಳು.